ಒಂದೇ ಅಕ್ಷಾಂಶದ ಕಡಲು: ಬಯಲುಸೀಮೆಯವರಿಗೆ ಕರ್ನಾಟಕದ ನಡುಗಡ್ಡೆಗಳು

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿರುವ ಆನಗೋಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14.4 ಡಿಗ್ರಿ ಅಕ್ಷಾಂಶದಲ್ಲಿದೆ. ಅದೇ ಅಕ್ಷಾಂಶವನ್ನು ಹಿಡಿದು ನೇರ ಪಶ್ಚಿಮಕ್ಕೆ ಸಾಗಿದರೆ ಹರಿಹರದ ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿ, ಮಲೆನಾಡಿನ ಕಾಡುಗಳನ್ನು ಹಾಯ್ದು, ಘಟ್ಟವಿಳಿದು ಕುಮಟಾದ ಆಸುಪಾಸಿನಲ್ಲಿ ಅರಬ್ಬೀ ಸಮುದ್ರವನ್ನು ಮುಟ್ಟಬಹುದು. ಹಕ್ಕಿ ಹಾರುವ ದಾರಿಯಲ್ಲಿ ಈ ಅಂತರ ಇನ್ನೂರು ಕಿಲೋಮೀಟರಿಗಿಂತ ಕಡಿಮೆ. ಮೆಕ್ಕೆಜೋಳ ಮತ್ತು ಅಡಿಕೆಯ ಸೀಮೆಯಲ್ಲಿ ಬೆಳೆದವರು ನಡುಗಡ್ಡೆಯ ವಿಹಾರವೆಂದರೆ ವಿಮಾನ ಹತ್ತಿ ಹೋಗಬೇಕಾದ ದೂರದೇಶದ ಸಂಗತಿಯೆಂದು ಭಾವಿಸುವುದು ಸಾಮಾನ್ಯವಾದರೂ, ಕಾರವಾರದಿಂದ ಉಡುಪಿಯವರೆಗಿನ ಕಡಲಿನಲ್ಲಿ ಹರಡಿಕೊಂಡಿರುವ ಕೂರ್ಮಗಡ, ಬಸವರಾಜದುರ್ಗ, ನೇತ್ರಾಣಿ, ಸೇಂಟ್ ಮೇರೀಸ್ ಮುಂತಾದ ನಡುಗಡ್ಡೆಗಳು ಒಂದು ರಾತ್ರಿಯ ಬಸ್ ಪ್ರಯಾಣದ ಅಳತೆಯಲ್ಲೇ ಇವೆ. ಅಲ್ಲಿ ಬಯಲಿನಲ್ಲಿ, ನೀರಿನಲ್ಲಿ, ಬಂಡೆಯ ಮೇಲೆ ಮಾಡಬಹುದಾದ ವಿಹಾರಗಳು ಯಾವ ವಿದೇಶಿ ದ್ವೀಪಕ್ಕೂ ಕಡಿಮೆಯವಲ್ಲ. ಕೆರೆ ಮತ್ತು ಕಾಲುವೆಯ ನೀರನ್ನು ಮಾತ್ರ ಬಲ್ಲವರು ಕಡಲಿನ ಬಳಿಗೆ ಹೋಗುವಾಗ ಹೊಸದಾಗಿ ಕಲಿಯಬೇಕಾದ ಕೆಲವು ವಿಷಯಗಳಿವೆ. ಅವುಗಳನ್ನು ಕಲಿಯುವುದೇ ಈ ವಿಹಾರದ ಅರ್ಧ ಸಂತೋಷವಾಗಿದೆ.

ಭೂಗೋಳಶಾಸ್ತ್ರದ ಲೆಕ್ಕದಲ್ಲಿ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪಟ್ಟಿಯನ್ನು ಉಷ್ಣವಲಯವೆಂದೂ, ಆ ವೃತ್ತಗಳಿಂದಾಚೆಗೆ ಸುಮಾರು 35 ಡಿಗ್ರಿಯವರೆಗಿನ ಪಟ್ಟಿಯನ್ನು ಉಪೋಷ್ಣವಲಯವೆಂದೂ ಕರೆಯುತ್ತಾರೆ. ಸ್ಪೇನಿನ ಆಳ್ವಿಕೆಯ ಕ್ಯಾನರಿ ದ್ವೀಪಗಳು, ಜಪಾನಿನ ಒಕಿನಾವಾ, ಅಟ್ಲಾಂಟಿಕ್ ಸಾಗರದ ಬರ್ಮುಡಾ ಈ ಎರಡನೆಯ ಪಟ್ಟಿಗೆ ಸೇರಿದವಾಗಿದ್ದು, ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಕಾಣುವ ದ್ವೀಪವಿಹಾರದ ಚಿತ್ರಗಳಲ್ಲಿ ಕೆಲವು ಇಂಥ ಕಡೆಗಳಿಂದ ಬಂದಿವೆ. ಕರ್ಕಾಟಕ ಸಂಕ್ರಾಂತಿ ವೃತ್ತವು ಗುಜರಾತ್ ಮತ್ತು ಮಧ್ಯಪ್ರದೇಶಗಳ ಮೇಲೆ ಹಾದುಹೋಗುವುದರಿಂದ ಕರ್ನಾಟಕ ಪೂರ್ತಿಯಾಗಿ ಉಷ್ಣವಲಯದೊಳಗೇ ಉಳಿಯುತ್ತದೆ. ಇದರಿಂದ ವಿಹಾರಿಗೆ ಆಗುವ ಲಾಭವೆಂದರೆ, ಉಪೋಷ್ಣವಲಯದ ದ್ವೀಪಗಳಲ್ಲಿ ಚಳಿಗಾಲಕ್ಕೆ ತಣ್ಣಗಾಗುವ ಕಡಲ ನೀರು ನಮ್ಮಲ್ಲಿ ಡಿಸೆಂಬರ್ ಮತ್ತು ಜನವರಿಯಲ್ಲಿಯೂ ಬೆಚ್ಚಗೆ ಇರುತ್ತದೆ. ಆಗುವ ನಷ್ಟವೆಂದರೆ, ನೈಋತ್ಯ ಮಾರುತದ ನಾಲ್ಕು ತಿಂಗಳು ಕಡಲು ವಿಹಾರಕ್ಕೆ ಸಂಪೂರ್ಣವಾಗಿ ಮುಚ್ಚಿಹೋಗುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಪ್ರವಾಸಿ ದೋಣಿಗಳು ಮಳೆಗಾಲ ಹಿಂದೆ ಸರಿದು ಅಲೆಗಳ ಅಬ್ಬರ ತಗ್ಗುವವರೆಗೂ ಹೊರಡುವುದಿಲ್ಲ. ಆದ್ದರಿಂದ ಈ ಭಾಗದ ದ್ವೀಪವಿಹಾರವೆಂದರೆ ದಸರೆಯ ನಂತರ ಆರಂಭವಾಗಿ ಮೇ ತಿಂಗಳಿಗೆ ಮುಗಿಯುವ ವಿಹಾರ.

ದ್ವೀಪಗಳಲ್ಲಿ ಎರಡು ಬಗೆಯನ್ನು ಮೊದಲೇ ಬೇರ್ಪಡಿಸಿಕೊಂಡರೆ ನಿರೀಕ್ಷೆಗಳು ತಪ್ಪುವುದಿಲ್ಲ. ಲಕ್ಷದ್ವೀಪದಂಥವು ಹವಳದ ದ್ವೀಪಗಳು. ಹವಳವೆಂಬುದು ಸಸ್ಯವೂ ಅಲ್ಲ, ಕಲ್ಲೂ ಅಲ್ಲ, ಸುಣ್ಣದ ಗೂಡನ್ನು ಕಟ್ಟಿಕೊಂಡು ಗುಂಪಾಗಿ ಬದುಕುವ ಅತಿ ಸಣ್ಣ ಪ್ರಾಣಿಗಳ ಸಮುದಾಯ. ಸಾವಿರಾರು ವರ್ಷಗಳಲ್ಲಿ ಆ ಗೂಡುಗಳು ಒಂದರ ಮೇಲೊಂದು ಬೆಳೆದು ದಿಬ್ಬವಾಗಿ ನೀರಿನಿಂದ ಮೇಲೆದ್ದಾಗ ಬಿಳಿಮರಳಿನ ನೆಲವೂ, ಅದಕ್ಕೆ ತಗುಲಿಕೊಂಡಂತೆ ಹೊರಗಡಲಿನ ಅಲೆ ನುಗ್ಗದ, ತಿಳಿನೀಲಿಯ ಆಳವಿಲ್ಲದ ಕೊಳವೂ ಉಂಟಾಗುತ್ತವೆ. ಈ ಕೊಳವನ್ನು ಲಗೂನ್ ಎನ್ನುತ್ತಾರೆ. ಹೊಸಬರು ಈಜಲು, ಹುಟ್ಟುಹಾಕಿ ಸಣ್ಣ ದೋಣಿ ನಡೆಸಲು, ಮುಖವಾಡ ತೊಟ್ಟು ನೀರಿನೊಳಕ್ಕೆ ಇಣುಕಲು ಲಗೂನಿನಷ್ಟು ಸುರಕ್ಷಿತವಾದ ಜಾಗ ಕಡಲಿನಲ್ಲಿ ಬೇರೊಂದಿಲ್ಲ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಅಮಿನಿದೀವಿ ಎಂಬ ಒಟ್ಟು ಹೆಸರಿನಲ್ಲಿ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವೆಂಬುದು ಇಂದು ಬಹುಮಂದಿ ಕನ್ನಡಿಗರಿಗೆ ಮರೆತುಹೋಗಿದೆ. ಟಿಪ್ಪುವಿನ ಪತನಾನಂತರ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಆ ದ್ವೀಪಗಳಿಂದ ತೆಂಗಿನ ನಾರು ಮತ್ತು ಕೊಬ್ಬರಿಯನ್ನು ಹೊತ್ತ ಹಾಯಿದೋಣಿಗಳು ಮಂಗಳೂರಿನ ಬಂದರಿಗೆ ಬಂದು, ಅಕ್ಕಿಯನ್ನು ತುಂಬಿಕೊಂಡು ಮರಳುತ್ತಿದ್ದವು. ಇಂದು ಅಲ್ಲಿಗೆ ಹೋಗಲು ಮುಂಚಿತವಾಗಿ ಅನುಮತಿ ಪತ್ರ ಪಡೆಯಬೇಕು. ಪ್ರವಾಸಿ ಹಡಗುಗಳು ಮುಖ್ಯವಾಗಿ ಕೊಚ್ಚಿಯಿಂದ ಹೊರಡುತ್ತವೆ.

ಕರ್ನಾಟಕದ ಕರಾವಳಿಯ ನಡುಗಡ್ಡೆಗಳು ಇದಕ್ಕಿಂತ ಭಿನ್ನವಾಗಿ ಬಂಡೆಯ ನಡುಗಡ್ಡೆಗಳು. ಅವುಗಳಿಗೆ ಲಗೂನಿನ ರಕ್ಷಣೆಯಿಲ್ಲ; ಅಲೆ ನೇರವಾಗಿ ಬಂಡೆಗೆ ಬಡಿಯುತ್ತದೆ. ಹೀಗಾಗಿ ಅಲ್ಲಿನ ಪ್ರತಿಯೊಂದು ವಿಹಾರವೂ ಉಬ್ಬರವಿಳಿತ, ಗಾಳಿ ಮತ್ತು ಋತು ಎಂಬ ಮೂರು ಸಂಗತಿಗಳ ಅಂಕೆಯಲ್ಲಿರುತ್ತದೆ. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಕಡಲ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳ ಅಂತರವಿರುವುದರಿಂದ, ಇಂದು ಬೆಳಿಗ್ಗೆ ಏಳಕ್ಕೆ ಬಂದ ಇಳಿತ ನಾಳೆ ಏಳೂ ಐವತ್ತರ ಸುಮಾರಿಗೆ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದಾಗಿಯೂ ಅಷ್ಟಮಿಯ ಸುಮಾರಿಗೆ ಸಣ್ಣದಾಗಿಯೂ ಇರುತ್ತದೆ. ಮೀನುಗಾರರು ತಿಥಿಯನ್ನು ನೋಡಿ ನೀರಿನ ಹೊತ್ತನ್ನು ಹೇಳಬಲ್ಲದ್ದು ಈ ಕಾರಣಕ್ಕೇ. ಗಾಳಿಯ ಕ್ರಮವೂ ಅಷ್ಟೇ ನಿಯಮಬದ್ಧವಾಗಿದೆ. ನೆಲ ಬೇಗ ಕಾದು ಬೇಗ ತಣಿಯುವುದರಿಂದ, ನೀರು ನಿಧಾನವಾಗಿ ಕಾದು ನಿಧಾನವಾಗಿ ತಣಿಯುವುದರಿಂದ, ಬೇಸಿಗೆ ಮತ್ತು ಚಳಿಗಾಲದ ದಿನಗಳಲ್ಲಿ ನಸುಕಿನಲ್ಲಿ ನೆಲದಿಂದ ಕಡಲಿನತ್ತ ತೆಳುಗಾಳಿ ಬೀಸಿ ನೀರು ಶಾಂತವಾಗಿರುತ್ತದೆ. ಮಧ್ಯಾಹ್ನದ ವೇಳೆಗೆ ಕಡಲಿನಿಂದ ನೆಲದತ್ತ ಗಾಳಿ ಬಲವಾಗಿ ಅಲೆಗಳು ಏಳುತ್ತವೆ. ಊರಿನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನ ಕಡಲ ತೀರವನ್ನು ಸೇರಿ ಕೂಡಲೇ ದೋಣಿ ಹತ್ತುವ ಯೋಜನೆಗಿಂತ, ಸಂಜೆಗೆ ತೀರ ಸೇರಿ ರಾತ್ರಿ ತಂಗಿ ಮುಂಜಾನೆ ದೋಣಿ ಹತ್ತುವ ಯೋಜನೆ ಎಲ್ಲ ರೀತಿಯಿಂದಲೂ ಮೇಲು.

ಮೊದಲ ಸಲ ನಡುಗಡ್ಡೆಯನ್ನು ನೋಡುವವರಿಗೆ, ವಿಶೇಷವಾಗಿ ಮಕ್ಕಳೊಂದಿಗೆ ಹೋಗುವ ಕುಟುಂಬಗಳಿಗೆ, ಮಲ್ಪೆಯ ಸಮೀಪದ ಸೇಂಟ್ ಮೇರೀಸ್ ನಡುಗಡ್ಡೆಗಳು ಅತ್ಯಂತ ಸೂಕ್ತವಾಗಿವೆ. ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುವ ಈ ನಾಲ್ಕು ನಡುಗಡ್ಡೆಗಳ ಗುಂಪಿಗೆ ಮಲ್ಪೆ ಬಂದರಿನಿಂದ ಸುಮಾರು ಅರ್ಧ ಗಂಟೆಯ ದೋಣಿಪ್ರಯಾಣ. ವಾಸ್ಕೋ ಡ ಗಾಮಾ 1498ರಲ್ಲಿ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿ ಇದೆಯಾದರೂ, ನಡುಗಡ್ಡೆಯ ನಿಜವಾದ ಹಿರಿಮೆ ಇರುವುದು ಅಲ್ಲಿನ ಕಲ್ಲಿನಲ್ಲಿ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಇಂದಿನ ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದಾಳದಿಂದ ಉಕ್ಕಿದ ಲಾವಾರಸ ತಣಿದು ಈ ಬಂಡೆಗಳಾದವು. ತಣಿಯುವ ವಸ್ತು ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಬಹುಕೋನದ ಹೆಂಟೆಗಳಾಗಿ ಸೀಳುವುದನ್ನು ಕಂಡವರಿಗೆ ಈ ಕ್ರಿಯೆ ಅಪರಿಚಿತವಲ್ಲ. ವ್ಯತ್ಯಾಸವೆಂದರೆ, ಕೆಸರಿನ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ. ಲಾವಾದ ಬಿರುಕು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತ ಹೋಗಿ ಇಡೀ ಬಂಡೆಯನ್ನು ಐದು, ಆರು, ಏಳು ಮುಖಗಳ ಕಂಬಗಳನ್ನಾಗಿ ವಿಂಗಡಿಸುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಈ ಕಂಬಗಲ್ಲುಗಳ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆನಗೋಡಿನ ಸುತ್ತಮುತ್ತ ಮತ್ತು ಚಿತ್ರದುರ್ಗದ ಬೆಟ್ಟಗಳಲ್ಲಿ ಕಾಣುವ ಬಂಡೆಗಳಾದರೋ ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯವು. ಅವುಗಳ ನಡುವೆ ಬೆಳೆದವರು ಈ ಕಂಬಗಳ ಮೇಲೆ ಕೈಯಿಟ್ಟಾಗ ಮುಟ್ಟುತ್ತಿರುವುದು ತಮ್ಮೂರ ಕಲ್ಲಿಗಿಂತ ಇಪ್ಪತ್ತೈದು ಪಟ್ಟಿಗಿಂತಲೂ ಹೆಚ್ಚು ಎಳೆಯದಾದ ಕಲ್ಲನ್ನು. ಶಾಲೆಯ ಭೂಗೋಳದ ಪಾಠದಲ್ಲಿ ಖಂಡಗಳು ಸರಿಯುತ್ತವೆಂದು ಓದಿದ ಮಗುವಿಗೆ ಅದರ ಸಾಕ್ಷಿಯನ್ನು ಕಾಲಡಿಯಲ್ಲೇ ತೋರಿಸಬಹುದಾದ ಇಂಥ ಸ್ಥಳ ರಾಜ್ಯದಲ್ಲಿ ಇನ್ನೊಂದಿಲ್ಲ. ಅಲ್ಲಿಗೆ ಹೋಗುವ ಶಾಲಾ ಪ್ರವಾಸಗಳು ಇದನ್ನು ವಿವರಿಸದೆ ಫೋಟೋ ತೆಗೆಸಿಕೊಂಡು ಮರಳುವುದು ದುಃಖದ ವಿಷಯ.

ಇಲ್ಲಿನ ಇನ್ನೊಂದು ವಿಹಾರಕ್ಕೆ ಟಿಕೆಟ್ಟೂ ಬೇಡ, ಸಲಕರಣೆಯೂ ಬೇಡ. ಇಳಿತದ ಹೊತ್ತನ್ನು ಅರಿತು ಹೋದರೆ ಸಾಕು. ನೀರು ಹಿಂದೆ ಸರಿದಾಗ ಬಂಡೆಗಳ ಸಂದುಗಳಲ್ಲಿ ಉಳಿದುಕೊಳ್ಳುವ ಪುಟ್ಟ ಹೊಂಡಗಳು ಒಂದೊಂದೂ ಒಂದು ಪೂರ್ಣ ಲೋಕ. ಖಾಲಿ ಶಂಖದೊಳಗೆ ತನ್ನ ಮೆತ್ತನೆಯ ದೇಹವನ್ನು ತೂರಿಸಿಕೊಂಡು ಅದನ್ನೇ ಹೊತ್ತು ತಿರುಗುವ ಸನ್ಯಾಸಿ ಏಡಿ, ಹೂವಿನಂತೆ ಅರಳಿ ಮುಟ್ಟಿದೊಡನೆ ಮುದುಡಿಕೊಳ್ಳುವ ಕಡಲ ಹೂ, ಬಂಡೆಗೆ ಕಚ್ಚಿಕೊಂಡು ನೀರು ಬರುವವರೆಗೆ ಬಾಯಿ ಮುಚ್ಚಿ ಕಾಯುವ ಚಿಪ್ಪುಜೀವಿಗಳು ಇವೆಲ್ಲವನ್ನೂ ಕುಕ್ಕುರುಗಾಲಿನಲ್ಲಿ ಕುಳಿತು ತಾಳ್ಮೆಯಿಂದ ನೋಡಬಹುದು. ಬಿಸಿಲು, ಉಪ್ಪು, ಒಣಗುವಿಕೆ, ಅಲೆಯ ಹೊಡೆತ ಇವಿಷ್ಟನ್ನೂ ದಿನಕ್ಕೆರಡು ಬಾರಿ ತಾಳಿಕೊಳ್ಳುವ ಈ ಜೀವಿಗಳನ್ನು ಕಿತ್ತು ಬಾಟಲಿಯಲ್ಲಿ ತುಂಬಿಕೊಳ್ಳುವುದು ಕ್ರೌರ್ಯ. ಖಾಲಿ ಚಿಪ್ಪುಗಳನ್ನು ಚೀಲಗಟ್ಟಲೆ ಹೊತ್ತು ತರುವುದೂ ಸನ್ಯಾಸಿ ಏಡಿಗಳ ಮನೆಗಳನ್ನು ಕಸಿದಂತೆಯೇ. ನಡುಗಡ್ಡೆಯ ಕಲ್ಲಂಚುಗಳಲ್ಲಿ ಪಾಚಿ ಜಾರುವುದರಿಂದ ಹಿಡಿತವಿರುವ ಪಾದರಕ್ಷೆ ಅಗತ್ಯ. ನೀರಿನೊಳಗಿನ ಬಂಡೆಗಳು ಮೊನಚಾಗಿದ್ದು ಸೆಳೆತವೂ ಇರುವುದರಿಂದ ಗುರುತಿಸಿದ ಜಾಗದ ಹೊರಗೆ ಇಳಿಯಬಾರದು. ರಾತ್ರಿ ತಂಗಲು ಅಲ್ಲಿ ಅವಕಾಶವಿಲ್ಲ.

ಕಡಲ ಮೇಲಿನಿಂದ ಕಡಲ ಒಳಕ್ಕೆ ಹೋಗಬಯಸುವವರ ತಾಣ ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವ ಈ ಕಡಿದಾದ ಗುಡ್ಡ ಪಾರಿವಾಳಗಳ ಕಾರಣದಿಂದ ಪಾರಿವಾಳ ದ್ವೀಪವೆಂಬ ಹೆಸರನ್ನೂ ಪಡೆದಿದೆ. ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಇಲ್ಲಿನ ನೀರಡಿಯ ದೃಶ್ಯಗಳನ್ನು ಕಂಡ ಮೇಲೆ ಒಳನಾಡಿನ ಅನೇಕರಿಗೆ ಇದರ ಹೆಸರು ಪರಿಚಿತವಾಯಿತು. ಸಾಮಾನ್ಯ ಪ್ರವಾಸಿಗಳು ಇಲ್ಲಿ ನೆಲಕ್ಕೆ ಇಳಿಯುವುದಿಲ್ಲ. ದೋಣಿ ಗುಡ್ಡದ ಮರೆಯಲ್ಲಿ ನಿಲ್ಲುತ್ತದೆ, ವಿಹಾರವೆಲ್ಲ ನೀರಿನಲ್ಲೇ ನಡೆಯುತ್ತದೆ. ಅದರಲ್ಲಿ ಎರಡು ವಿಧ. ಕಣ್ಣು ಮತ್ತು ಮೂಗನ್ನು ಮುಚ್ಚುವ ಗಾಜಿನ ಮುಖವಾಡವನ್ನೂ, ಬಾಯಿಂದ ನೀರಿನ ಮೇಲಕ್ಕೆ ಚಾಚಿದ ಉಸಿರುಕೊಳವೆಯನ್ನೂ ತೊಟ್ಟು ಮೇಲ್ಮೈಯಲ್ಲೇ ಬೋರಲು ತೇಲುತ್ತ ಕೆಳಗಿನದನ್ನು ನೋಡುವುದು ಸ್ನಾರ್ಕೆಲಿಂಗ್. ಒತ್ತಿ ತುಂಬಿದ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಆಳಕ್ಕೆ ಇಳಿಯುವುದು ಸ್ಕೂಬಾ ಡೈವಿಂಗ್. ಮೊದಲ ಸಲದವರನ್ನು ತರಬೇತಿ ಪಡೆದ ಮುಳುಗುಗಾರರೊಬ್ಬರು ಕೈಹಿಡಿದು ಕೆಲವು ಮೀಟರುಗಳ ಆಳಕ್ಕೆ ಮಾತ್ರ ಕರೆದೊಯ್ಯುತ್ತಾರೆ. ಚಿಟ್ಟೆಮೀನು, ಗಿಳಿಮೀನು, ಬಾರಾಕುಡಾಗಳ ಹಿಂಡು, ಬಂಡೆಯ ಬಿಲದಿಂದ ಇಣುಕುವ ಹಾವುಮೀನು ಇವನ್ನು ಅವುಗಳದೇ ಮನೆಯಲ್ಲಿ ನೋಡುವ ಅವಕಾಶಕ್ಕೆ ಸಮನಾದದ್ದು ಯಾವ ಮತ್ಸ್ಯಾಲಯದಲ್ಲಿಯೂ ಇಲ್ಲ.

ನೀರಿನೊಳಗಿನ ಒತ್ತಡವು ಈ ಕ್ರೀಡೆಯ ತಿರುಳು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಾಗಲೂ ಭೂಮಿಯ ಇಡೀ ವಾತಾವರಣದಷ್ಟು ಒತ್ತಡ ಹೊಸದಾಗಿ ಸೇರಿಕೊಳ್ಳುತ್ತದೆ. ಅಂದರೆ ಹತ್ತು ಮೀಟರ್ ಆಳದಲ್ಲಿ ದೇಹದ ಮೇಲೆ ಎರಡು ಪಟ್ಟು ಒತ್ತಡವಿದ್ದು, ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಇಳಿಯುವಾಗ ಕಿವಿಯೊಳಗೆ ನೋವು ಕಾಣಿಸಿಕೊಳ್ಳುವುದು ಇದರಿಂದಲೇ. ಮೂಗನ್ನು ಬೆರಳಿನಿಂದ ಮುಚ್ಚಿ ಮೆಲ್ಲಗೆ ಊದಿದರೆ ಕಿವಿಯ ಒಳಹೊರಗಿನ ಒತ್ತಡ ಸಮನಾಗುತ್ತದೆ. ನೆಗಡಿಯಿದ್ದಾಗ ಈ ದಾರಿ ಕಟ್ಟಿಕೊಂಡಿರುವುದರಿಂದ ಮುಳುಗಬಾರದು. ಮೇಲೇರುವಾಗ ಇದಕ್ಕೆ ತದ್ವಿರುದ್ಧವಾಗಿ ಗಾಳಿ ಹಿಗ್ಗುತ್ತದೆ. ಉಸಿರನ್ನು ಬಿಗಿಹಿಡಿದು ಮೇಲೆ ಬಂದವನ ಶ್ವಾಸಕೋಶದಲ್ಲಿ ಹಿಗ್ಗಿದ ಗಾಳಿ ಪ್ರಾಣಾಪಾಯ ತರಬಲ್ಲದಾದ್ದರಿಂದ, ಒಂದು ಕ್ಷಣವೂ ಉಸಿರು ಕಟ್ಟದೆ ಸಾವಕಾಶವಾಗಿ ಉಸಿರಾಡುತ್ತಲೇ ಇರಬೇಕೆಂಬುದು ಮೊದಲ ಪಾಠ. ಬಾವಿಯಲ್ಲೂ ಭದ್ರಾ ಕಾಲುವೆಯಲ್ಲೂ ಈಜು ಕಲಿತವರಿಗೆ ಮುಳುಗಿದೊಡನೆ ಉಸಿರು ಹಿಡಿಯುವುದು ಮೈಗೂಡಿದ ಅಭ್ಯಾಸವಾಗಿರುವುದರಿಂದ, ಈಜು ಬಲ್ಲವರೇ ಈ ಪಾಠದಲ್ಲಿ ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ನೀರಿನಡಿಯಲ್ಲಿ ಮಾತು ಸಾಧ್ಯವಿಲ್ಲವಾಗಿ ಕೈಸನ್ನೆಗಳೇ ಭಾಷೆ. ಹೆಬ್ಬೆರಳು ಮೇಲೆತ್ತಿದರೆ ಮುಳುಗುಗಾರರ ಭಾಷೆಯಲ್ಲಿ ಮೇಲಕ್ಕೆ ಹೋಗೋಣವೆಂದು ಅರ್ಥ, ಎಲ್ಲ ಸರಿಯಿದೆಯೆಂದು ತಿಳಿಸಲು ಹೆಬ್ಬೆರಳು ಮತ್ತು ತೋರುಬೆರಳನ್ನು ಕೂಡಿಸಿ ಉಂಗುರ ಮಾಡಿ ತೋರಿಸಬೇಕು. ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ ಇದ್ದವರು ಅದನ್ನು ಮುಚ್ಚಿಡದೆ ಮೊದಲೇ ಹೇಳುವುದು ತಮಗೂ ಜೊತೆಯವರಿಗೂ ಕ್ಷೇಮ.

ಮಳೆಗಾಲದಲ್ಲಿ ಪಶ್ಚಿಮಘಟ್ಟದ ನದಿಗಳು ಹೊತ್ತು ತರುವ ಕೆಂಪು ನೀರಿನಿಂದ ಕರ್ನಾಟಕದ ತೀರದ ಕಡಲು ಕದಡಿಹೋಗುವುದರಿಂದ ಇಲ್ಲಿ ಹವಳ ಸಮೃದ್ಧವಾಗಿ ಬೆಳೆಯುವುದಿಲ್ಲ. ತೀರದಿಂದ ದೂರವಿರುವ ನೇತ್ರಾಣಿಯ ಬಂಡೆಗಳ ಮೇಲೆ ಅದು ಬೇರೂರಿರುವುದೇ ವಿಶೇಷ. ಹವಳವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿಸಲಾಗಿದ್ದು, ಅದನ್ನು ಮುರಿಯುವುದು, ತರುವುದು, ಮಾರುವುದು ಎಲ್ಲವೂ ಅಪರಾಧ. ಮುಟ್ಟಿದರೆ ಸಾಕು, ಅದರ ಮೇಲಿನ ಜೀವಂತ ಪೊರೆ ಗಾಯಗೊಳ್ಳುತ್ತದೆ. ದೋಣಿಯ ಲಂಗರು ಬಿದ್ದರೆ ಹತ್ತಾರು ವರ್ಷಗಳ ಬೆಳವಣಿಗೆ ಒಂದು ಗಳಿಗೆಯಲ್ಲಿ ಪುಡಿಯಾಗುತ್ತದೆ. ಒಂದು ಕಾಲದಲ್ಲಿ ನೌಕಾಪಡೆ ಈ ಗುಡ್ಡವನ್ನು ಗುರಿಯಭ್ಯಾಸಕ್ಕೆ ಬಳಸುತ್ತಿದ್ದುದನ್ನು ಪರಿಸರಾಸಕ್ತರು ಪ್ರಬಲವಾಗಿ ವಿರೋಧಿಸಿದ್ದರು. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡುಕಟ್ಟುತ್ತವೆಂಬುದು ಅವರ ವಾದದ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು. ನೀರಿಗಿಳಿಯಲು ಮನಸ್ಸಿಲ್ಲದೆ ದೋಣಿಯಲ್ಲೇ ಉಳಿಯುವವರು ಬೈನಾಕ್ಯುಲರ್ ಒಂದನ್ನು ಜೊತೆಗೆ ಒಯ್ದರೆ, ರೆಕ್ಕೆಯನ್ನು ಮೇಲ್ಮುಖವಾಗಿ ಬಾಗಿಸಿ ಗುಡ್ಡದ ಸುತ್ತ ತೇಲುವ ಈ ಭಾರೀ ಹಕ್ಕಿಯನ್ನು ಮನದಣಿಯೆ ನೋಡಬಹುದು.

ನೇತ್ರಾಣಿಯಿಂದ ಉತ್ತರಕ್ಕೆ ಹೊನ್ನಾವರದಲ್ಲಿ ವಿಹಾರದ ಲಯ ನಿಧಾನವಾಗುತ್ತದೆ. ದಾವಣಗೆರೆಯಿಂದ ಹರಿಹರ, ಶಿವಮೊಗ್ಗ, ಸಾಗರಗಳ ಮೂಲಕ ಬರುವವರು ಜೋಗದಲ್ಲಿ 253 ಮೀಟರ್ ಧುಮುಕುವ ಶರಾವತಿಯನ್ನು ಕಂಡು, ಅದರ ಕಣಿವೆಯನ್ನೇ ಅನುಸರಿಸಿ ಘಟ್ಟವಿಳಿದು, ಆ ನದಿ ಕಡಲು ಸೇರುವ ಅಳಿವೆಯನ್ನು ತಲುಪುತ್ತಾರೆ; ಒಂದು ನದಿಯ ಅಬ್ಬರವನ್ನೂ ವಿಶ್ರಾಂತಿಯನ್ನೂ ಒಂದೇ ದಿನದಲ್ಲಿ ನೋಡುವ ಈ ದಾರಿ ತಾನೇ ಒಂದು ವಿಹಾರ. ಅಳಿವೆಯಲ್ಲಿ ಸಿಹಿನೀರು ಮತ್ತು ಉಪ್ಪುನೀರು ಕೂಡುವಲ್ಲಿ ಮಾವಿನಕುರ್ವೆಯಂಥ ಜನವಸತಿಯ ನದೀದ್ವೀಪಗಳಿವೆ, ಕಾಂಡ್ಲಾ ಕಾಡುಗಳಿವೆ. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯಬಲ್ಲ ಮರಗಳು; ಕೆಸರಿನಲ್ಲಿ ಗಾಳಿಯಿಲ್ಲದ ಕಾರಣ ಕೆಲವು ಜಾತಿಗಳು ಉಸಿರಾಡುವ ಬೇರುಗಳನ್ನು ನೆಲದಿಂದ ಮೇಲಕ್ಕೆ ಚಾಚುತ್ತವೆ, ಕೆಲವು ಊರುಗೋಲಿನ ಬೇರುಗಳ ಮೇಲೆ ನಿಲ್ಲುತ್ತವೆ. ಈ ಕಾಡಿನ ನಡುವೆ ಹೊನ್ನಾವರದಲ್ಲಿ ನಿರ್ಮಿಸಿರುವ ಮರದ ಹಲಗೆಗಳ ಕಾಲುದಾರಿಯಲ್ಲಿ ವಯಸ್ಸಾದವರೂ ನಡೆಯಬಹುದು. ನೀರಿನ ಮೇಲೆ ಹೋಗಬಯಸುವವರಿಗೆ ಕಯಾಕ್ ಇದೆ. ಒಬ್ಬರು ಅಥವಾ ಇಬ್ಬರು ಕುಳಿತು ಎರಡು ತುದಿಯ ಹುಟ್ಟಿನಿಂದ ನಡೆಸುವ ಕಿರಿದಾದ ಈ ದೋಣಿಗೆ ಎಂಜಿನ್ನಿನ ಸದ್ದಿಲ್ಲದ್ದರಿಂದ ಮಿಂಚುಳ್ಳಿಯೂ ಬೆಳ್ಳಕ್ಕಿಯೂ ಬೆದರುವುದಿಲ್ಲ. ಉಬ್ಬರದ ನೀರು ಒಳಬರುವಾಗ ಅದರೊಂದಿಗೆ ಮೇಲಕ್ಕೆ ಸಾಗಿ, ಇಳಿತ ಶುರುವಾದಾಗ ಅದರೊಂದಿಗೆ ಮರಳುವಂತೆ ಹೊತ್ತನ್ನು ಹೊಂದಿಸಿಕೊಂಡರೆ ತೋಳಿಗೆ ಶ್ರಮವೇ ಇರುವುದಿಲ್ಲ. ಇಳಿತದಲ್ಲಿ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುವುದು ಅಲ್ಲಿನ ದಿನನಿತ್ಯದ ದುಡಿಮೆ. ಅದು ವಿಹಾರಿಗಳ ಪ್ರದರ್ಶನಕ್ಕೆ ನಡೆಯುವ ಕೆಲಸವಲ್ಲ ಎಂಬ ಅರಿವು ಕ್ಯಾಮೆರಾ ಹಿಡಿದವರಿಗೆ ಇರಬೇಕು.

ಅಳಿವೆಯ ಹೊರಗೆ, ಕಡಲಿನಲ್ಲಿ, ಕೆಳದಿ ನಾಯಕರ ಕಾಲದ ಕೋಟೆಯ ಅವಶೇಷಗಳನ್ನು ಹೊತ್ತ ಬಸವರಾಜದುರ್ಗ ನಿಂತಿದೆ. ಸುತ್ತಲೂ ಬಂಡೆಗಳಿರುವುದರಿಂದ ಇಳಿಯುವ ಜಾಗ ಇಕ್ಕಟ್ಟು. ಕಡಲು ಶಾಂತವಾಗಿರುವ ದಿನ, ಸ್ಥಳವನ್ನು ಬಲ್ಲ ಮೀನುಗಾರರೊಂದಿಗೆ, ಅಗತ್ಯವಾದ ಅನುಮತಿಯನ್ನು ಪಡೆದುಕೊಂಡು ಮಾತ್ರ ಹೋಗತಕ್ಕದ್ದು. ಹೊನ್ನಾವರದ ಬಳಿಯ ಕಾಸರಕೋಡು ಕಡಲತೀರ 2020ರಲ್ಲಿ ಪಡುಬಿದ್ರಿಯೊಂದಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆಯಿತು. ನೀರಿನ ಶುದ್ಧತೆ, ಸುರಕ್ಷತೆ ಮತ್ತು ನಿರ್ವಹಣೆಯನ್ನು ಪರಿಶೀಲಿಸಿ ನೀಡುವ ಅಂತರರಾಷ್ಟ್ರೀಯ ಗುರುತು ಇದು. ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುವ ಸರ್ಫಿಂಗ್ ಕಲಿಯಬಯಸುವವರು ಇನ್ನೂ ದಕ್ಷಿಣಕ್ಕೆ, ಮೂಲ್ಕಿಗೆ ಹೋಗಬೇಕು. ಅದರ ನೆರೆಯ ಸಸಿಹಿತ್ಲು ತೀರದಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು.

ಕಾರವಾರದ ಎದುರಿನ ಕೂರ್ಮಗಡ, ಹೆಸರೇ ಸೂಚಿಸುವಂತೆ, ಆಮೆಯ ಬೆನ್ನಿನಂತೆ ಕಾಣುವ ನಡುಗಡ್ಡೆ. ಅದರ ಸುತ್ತಲಿನ ನೀರಿನಲ್ಲಿ ಡಾಲ್ಫಿನ್‌ಗಳನ್ನು ನೋಡಲು ಬೆಳಗಿನ ದೋಣಿಗಳು ಹೊರಡುತ್ತವೆ. ಎಂಜಿನ್ ನಿಲ್ಲಿಸಿ ಕಾಯುವ ದೋಣಿಯ ಬಳಿಗೆ ಅವು ತಾವಾಗಿಯೇ ಬರುತ್ತವೆ, ಬೆನ್ನಟ್ಟುವ ದೋಣಿಯಿಂದ ದೂರ ಸರಿಯುತ್ತವೆ. ಪುಷ್ಯ ಮಾಸದ ಹುಣ್ಣಿಮೆಗೆ ಇಲ್ಲಿನ ನರಸಿಂಹ ದೇವರ ಜಾತ್ರೆ ನಡೆಯುತ್ತದೆ; ಮೀನುಗಾರರು ಸಿಂಗರಿಸಿದ ದೋಣಿಗಳಲ್ಲಿ ಬರುತ್ತಾರೆ, ಒಳನಾಡಿನ ಭಕ್ತರೂ ಸೇರುತ್ತಾರೆ. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಮಂದಿ ಅಸುನೀಗಿದರು. ಸತ್ತವರಲ್ಲಿ ದಾವಣಗೆರೆಯ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ತೀರಕ್ಕೆ ಶಾಲಾ ಪ್ರವಾಸದಲ್ಲಿ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಎರಡು ದುರಂತಗಳಲ್ಲಿಯೂ ಜೀವ ತೆತ್ತವರಲ್ಲಿ ಕಡಲಿಲ್ಲದ ಜಿಲ್ಲೆಗಳ ಜನರಿದ್ದರೆಂಬುದು ಸುಮ್ಮನೆ ಓದಿ ಮರೆಯುವ ಸಂಗತಿಯಲ್ಲ. ಲೈಫ್ ಜಾಕೆಟ್ ಕೊಡದ ಅಥವಾ ಮಿತಿಮೀರಿ ಜನರನ್ನು ತುಂಬಿದ ದೋಣಿಯನ್ನು ಹತ್ತದೆ ಹಿಂದಿರುಗುವ ಹಕ್ಕು ಪ್ರತಿಯೊಬ್ಬ ಪ್ರವಾಸಿಗೂ ಇದೆ; ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿದು ಕಟ್ಟಿಕೊಂಡಾಗ ಮಾತ್ರ ಅದು ಪ್ರಾಣ ಉಳಿಸುತ್ತದೆ, ಹೆಗಲಿಗೆ ನೇತುಹಾಕಿಕೊಂಡರೆ ಉಳಿಸುವುದಿಲ್ಲ.

ಉಪ್ಪುನೀರು ಸಿಹಿನೀರಿಗಿಂತ ಸಾಂದ್ರವಾಗಿರುವುದರಿಂದ ಕಡಲಿನಲ್ಲಿ ದೇಹ ಕೆರೆಯಲ್ಲಿಗಿಂತ ಸುಲಭವಾಗಿ ತೇಲುತ್ತದೆ. ಕೆರೆಯ ಈಜುಗಾರನಿಗೆ ಇದು ಹುಸಿ ಧೈರ್ಯ ಕೊಡುತ್ತದೆ. ಕೆರೆಯ ನೀರು ನಿಂತ ನೀರು, ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುವ ನೀರು. ಕಡಲಿನಲ್ಲಾದರೋ ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಒಂದು ಓಣಿಯಲ್ಲಿ ಒಟ್ಟುಗೂಡಿ ರಭಸದಿಂದ ಹಿಂದಕ್ಕೆ ಹರಿಯುವುದುಂಟು. ಈ ಹಿಂಸೆಳೆತಕ್ಕೆ ಸಿಕ್ಕವರು ನೇರ ದಡದ ಕಡೆಗೆ ಈಜಿ ಸೋತು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಂದು, ನಂತರ ಅಲೆಗಳೊಂದಿಗೆ ದಡ ಸೇರುವುದು ಸರಿಯಾದ ಕ್ರಮ. ಎರಡೂ ಬದಿಗೆ ಅಲೆಗಳು ನೊರೆಯಾಗಿ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ, ಹೊಸಬರು ಸುರಕ್ಷಿತವೆಂದು ಆರಿಸಿಕೊಳ್ಳುವ ಆ ಜಾಗವೇ ಬಹಳ ಸಲ ಹಿಂಸೆಳೆತದ ಓಣಿಯಾಗಿರುತ್ತದೆ.

ಹೊರಡುವ ಮುನ್ನ ಮಾಡಿಕೊಳ್ಳಬಹುದಾದ ಸಿದ್ಧತೆಗೆ ಊರಿನ ಹತ್ತಿರವೇ ಅನುಕೂಲಗಳಿವೆ. ಈಜುಕೊಳದಲ್ಲಿ ತೇಲುವುದನ್ನೂ, ಗಾಬರಿಯಿಲ್ಲದೆ ಮುಖವನ್ನು ನೀರಿನಲ್ಲಿ ಅದ್ದಿ ಉಸಿರುಕೊಳವೆಯಲ್ಲಿ ಉಸಿರಾಡುವುದನ್ನೂ ತರಬೇತುದಾರರ ಎದುರಿನಲ್ಲಿ ಅಭ್ಯಾಸ ಮಾಡಿಕೊಂಡವರಿಗೆ ನೇತ್ರಾಣಿಯ ನೀರಿನಲ್ಲಿ ಕಳೆಯುವ ಸಮಯವೆಲ್ಲ ನೋಡುವುದಕ್ಕೇ ದಕ್ಕುತ್ತದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕೆರೆಯ ಬಳಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳು ನಡೆಯುವ ಪರಂಪರೆಯಿದೆ. ಅಂಥ ಶಿಬಿರಗಳಲ್ಲಿ ಮಕ್ಕಳಿಗೆ ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಗುಂಪಿನ ಶಿಸ್ತುಗಳನ್ನು ಕಲಿಸುವುದರ ಜೊತೆಗೆ ಕಡಲಿನ ಉಬ್ಬರವಿಳಿತ ಮತ್ತು ಹಿಂಸೆಳೆತದ ಪಾಠವನ್ನೂ ಸೇರಿಸುವುದು ಕಷ್ಟವಲ್ಲ. ಪ್ರವಾಸಕ್ಕೆ ಹೊರಡುವ ಪ್ರತಿ ಶಾಲೆಯೂ ಈ ಒಂದು ಗಂಟೆಯ ಪಾಠವನ್ನು ಕಡ್ಡಾಯವಾಗಿ ನಡೆಸಬೇಕೆಂಬುದು ಮೇಲಿನ ದುರಂತಗಳನ್ನು ಬಲ್ಲ ಯಾರಾದರೂ ಒಪ್ಪುವ ಮಾತು. ದೋಣಿಯಲ್ಲಿ ತಿನ್ನಲು ಮಂಡಕ್ಕಿ ಕಟ್ಟಿಕೊಂಡು ಹೋಗುವುದಕ್ಕೆ ಅಡ್ಡಿಯಿಲ್ಲ. ಅದರ ಪ್ಲಾಸ್ಟಿಕ್ ಪೊಟ್ಟಣವನ್ನು ಮಾತ್ರ ಮರಳಿ ತರಬೇಕು, ಏಕೆಂದರೆ ನಡುಗಡ್ಡೆಯಲ್ಲಿ ಎಸೆದ ಕಸ ಹೋಗುವುದು ಕಡಲಿಗೇ. ದೋಣಿಯ ಓಲಾಟಕ್ಕೆ ವಾಂತಿಯಾಗುವವರು ಹೊಟ್ಟೆ ತುಂಬ ಉಂಡೂ ಹೋಗಬಾರದು, ಬರಿಹೊಟ್ಟೆಯಲ್ಲೂ ಹೋಗಬಾರದು. ನಡುದೋಣಿಯಲ್ಲಿ ಕುಳಿತು ದಿಗಂತವನ್ನು ನೋಡುತ್ತಿದ್ದರೆ ತೊಂದರೆ ತಗ್ಗುತ್ತದೆ.

ಮರಳುವ ಪ್ರಯಾಣಕ್ಕೆ ಸಂಬಂಧಿಸಿ ಘಟ್ಟದ ಮೇಲಿನವರಿಗೇ ವಿಶೇಷವಾಗಿ ಅನ್ವಯಿಸುವ ಒಂದು ಸೂಕ್ಷ್ಮವಿದೆ. ಸ್ಕೂಬಾ ಮುಳುಗಿನಲ್ಲಿ ಒತ್ತಡದ ಗಾಳಿಯನ್ನು ಉಸಿರಾಡುವುದರಿಂದ ಸಾರಜನಕ ಹೆಚ್ಚಾಗಿ ರಕ್ತ ಮತ್ತು ಮಾಂಸಖಂಡಗಳಲ್ಲಿ ಕರಗಿರುತ್ತದೆ. ಹೊರಗಿನ ಒತ್ತಡ ಬೇಗನೆ ತಗ್ಗಿದರೆ ಅದು ಗುಳ್ಳೆಗಳಾಗಿ ಕೀಲುನೋವು, ಜೋಮು, ಅಪರೂಪಕ್ಕೆ ಪಾರ್ಶ್ವವಾಯುವಿನಂಥ ತೊಂದರೆಗಳನ್ನು ತರಬಹುದು. ಆದ್ದರಿಂದಲೇ ಒಂದು ಮುಳುಗಿನ ನಂತರ ಕನಿಷ್ಠ 12 ಗಂಟೆ, ಹಲವು ಮುಳುಗುಗಳ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂದು ಮುಳುಗುಗಾರರ ಸುರಕ್ಷತಾ ಸೂತ್ರಗಳು ಹೇಳುತ್ತವೆ. ಸುಮಾರು 600 ಮೀಟರಿಗಿಂತ ಹೆಚ್ಚಿನ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಏರುವವರಿಗೆ ಈ ಸೂತ್ರಗಳು ಅನ್ವಯಿಸುತ್ತವೆ. ದಾವಣಗೆರೆಯೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು, ಘಟ್ಟದ ದಾರಿಗಳೂ ಅದೇ ಎತ್ತರಕ್ಕೆ ಏರುತ್ತವೆ. ಹೊಸಬರ ಆಳವಿಲ್ಲದ ಒಂದು ಮುಳುಗಿನಿಂದ ಅಪಾಯ ತೀರ ಕಡಿಮೆಯಾದರೂ, ನೇತ್ರಾಣಿಯಿಂದ ಮಧ್ಯಾಹ್ನ ದಡ ಸೇರಿದವರು ಅದೇ ಸಂಜೆ ಘಟ್ಟ ಹತ್ತುವುದರ ಬದಲು ಆ ರಾತ್ರಿಯನ್ನು ಮುರ್ಡೇಶ್ವರದಲ್ಲೋ ಹೊನ್ನಾವರದಲ್ಲೋ ಕಳೆದು, ಚೆನ್ನಾಗಿ ನೀರು ಕುಡಿದು, ಮರುದಿನ ಬೆಳಿಗ್ಗೆ ಕಾಂಡ್ಲಾ ಕಾಡಿನ ಹಲಗೆದಾರಿಯಲ್ಲಿ ನಡೆದಾಡಿ, ಹತ್ತು ಗಂಟೆಯ ಮೇಲೆ ಗೇರುಸೊಪ್ಪೆಯ ಮಾರ್ಗವಾಗಿ ಹೊರಟರೆ ಕತ್ತಲಾಗುವುದರೊಳಗೆ ಆನಗೋಡನ್ನು ಸೇರಬಹುದು.